ಆಲ್ಫಾ ಸ್ಪೆಕ್ಟ್ರಮ್ ಬಿಡಿಸುವುದು ಹೇಗೆ: ಬ್ರೇಕಪ್ ಎಷ್ಟು, ಫ್ಯೂಷನ್ ಎಷ್ಟು?

ಎಂಎಸ್ಸಿ ಪ್ರಾಜೆಕ್ಟಿಗೆ ನ್ಯೂಕ್ಲಿಯರ್ ಫಿಸಿಕ್ಸ್ ತೆಗೆದುಕೊಂಡವರು ಮೊದಲು ಮಾಡುವ ಕೆಲಸ ನ್ಯೂಕ್ಲಿಯರ್ ಕ್ರಿಯೆಗಳ ಲೆಕ್ಕ ಹಾಕುವ ಕೋಡ್ ಡೌನ್‌ಲೋಡ್ ಮಾಡುವುದು. ಇನ್‌ಪುಟ್ ಫೈಲ್ ಯಾರದೋ ಹಳೆಯದು. ಎರಡು ಸಂಖ್ಯೆ ಬದಲಿಸುತ್ತಾರೆ, ಎಂಟರ್ ಒತ್ತುತ್ತಾರೆ, ಯಾವ ಶಕ್ತಿಯಲ್ಲಿ ಎಷ್ಟು ಆಲ್ಫಾ ಕಣ (ಹೀಲಿಯಂ ನ್ಯೂಕ್ಲಿಯಸ್) ಬಂತು ಅನ್ನುವ ಗ್ರಾಫ್ ಬರುತ್ತದೆ. ಆಮೇಲೆ ಗೈಡ್ ಮುಂದೆ ನಿಂತು, "ಸರ, ಗ್ರಾಫ್ ಬಂತ್ರಿ. ಆದ್ರ ಈ ಗುಡ್ಡ ಇಲ್ಲೇ ಯಾಕ ಬಂತು ಅನ್ನೋದು ಗೊತ್ತಾಗವಲ್ದು" ಅನ್ನುತ್ತಾರೆ. ಧಾರವಾಡದ ಲ್ಯಾಬುಗಳಲ್ಲಿ ಇದು ಹೊಸ ಮಾತೇನಲ್ಲ.

ನಾನು ಹೇಳುವ ದಾರಿ ಉಲ್ಟಾ. ಮೊದಲು ಹಾಳೆ, ಪೆನ್ನು, ಕ್ಯಾಲ್ಕುಲೇಟರ್. ಗುಡ್ಡ ಎಲ್ಲಿ ಬರಲೇಬೇಕು, ಎಷ್ಟು ಅಗಲ ಇರಬೇಕು ಅಂತ ಕೈಯಲ್ಲೇ ಲೆಕ್ಕ ಹಾಕಿ. ಆಮೇಲೆ ಸ್ಪ್ರೆಡ್‌ಶೀಟ್. ಕೋಡ್ ಕೊನೆಗೆ. ಹೀಗೆ ಮಾಡಿದರೆ ಕೋಡ್ ತಪ್ಪು ಉತ್ತರ ಕೊಟ್ಟಾಗ ನಿಮಗೆ ತಕ್ಷಣ ಗೊತ್ತಾಗುತ್ತದೆ. ಕೋಡ್ ತಪ್ಪು ಇನ್‌ಪುಟ್ಟಿಗೂ ಚೆಂದದ ಗ್ರಾಫನ್ನೇ ಕೊಡುತ್ತದೆ, ಅಲ್ವಾ?

ಇದಕ್ಕೆ ವೇಗವರ್ಧಕ ಬೇಕಿಲ್ಲ. ಪೆಲ್ಲೆಟ್ರಾನ್ ಎಂಬ ವೇಗವರ್ಧಕ ನೋಡಬೇಕೆಂದರೆ ಹುಬ್ಬಳ್ಳಿಯಿಂದ ಮುಂಬೈ ರೈಲು ಹತ್ತಬೇಕು, ಇಲ್ಲವೇ ದೆಹಲಿಗೆ ಹೋಗಬೇಕು. ಆದರೆ ಮಾಡೆಲಿಂಗ್ ಅನ್ನು ಪಾವಟೆ ನಗರದ ಹಾಸ್ಟೆಲ್ಲಿನಲ್ಲೋ, ಗದಗಿನ ಮನೆಯಲ್ಲೋ, ಹಾವೇರಿಯಲ್ಲೋ ಕೂತು ಮಾಡಬಹುದು. ಹಳೆಯ ಲ್ಯಾಪ್‌ಟಾಪ್ ಸಾಕು. ಪ್ರಪಂಚದಾದ್ಯಂತ ಅಳೆದ ಡೇಟಾ ಎಕ್ಸ್‌ಫೋರ್ ಎಂಬ ಸಂಗ್ರಹದಲ್ಲಿ ಪುಕ್ಕಟೆ ಸಿಗುತ್ತದೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಅದನ್ನು ನಡೆಸುತ್ತದೆ. ನ್ಯೂಕ್ಲಿಯಸ್‌ಗಳ ದ್ರವ್ಯರಾಶಿ ಪಟ್ಟಿ, ಕ್ಯೂ-ಮೌಲ್ಯದ (ಕ್ರಿಯೆಯಲ್ಲಿ ಹೊರಬರುವ ಶಕ್ತಿಯ) ಕ್ಯಾಲ್ಕುಲೇಟರ್ ಎಲ್ಲವೂ ಅಮೆರಿಕದ ಬ್ರೂಕ್‌ಹೇವನ್‌ನ ನ್ಯೂಕ್ಲಿಯರ್ ಡೇಟಾ ಕೇಂದ್ರದ ತಾಣದಲ್ಲಿವೆ. ಮೊಬೈಲಿನಲ್ಲೂ ತೆರೆಯುತ್ತದೆ.

ಒಂದೇ ಉದಾಹರಣೆ ಹಿಡಿಯೋಣ

ಬೀಮ್ ಲಿಥಿಯಂ-6, ಶಕ್ತಿ 30 ಎಂಇವಿ, ಅಂದರೆ 30 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಟಾರ್ಗೆಟ್ ನಯೋಬಿಯಂ-93. ಈ ಜೋಡಿ ಸುಮ್ನೆ ಆರಿಸಿದ್ದಲ್ಲ. ನಿಸರ್ಗದಲ್ಲಿ ಸಿಗುವ ನಯೋಬಿಯಂ ಎಲ್ಲವೂ 93ನೆಯದೇ. ಹಾಗಾಗಿ ಬೇರೆ ಐಸೋಟೋಪಿನ ಗಲಾಟೆ ಇಲ್ಲ. ಲಿಥಿಯಂ-6 ಆಲ್ಫಾ ಮತ್ತು ಡ್ಯೂಟೆರಾನ್ (ಒಂದು ಪ್ರೋಟಾನ್, ಒಂದು ನ್ಯೂಟ್ರಾನ್) ಸೇರಿದ ಸಡಿಲ ಜೋಡಿ. ಅದನ್ನು ಬಿಡಿಸಲು 1.47 ಎಂಇವಿ ಸಾಕು. ಇನ್ನು 30 ಎಂಇವಿ ಮುಂಬೈನ 14 ಮಿಲಿಯನ್ ವೋಲ್ಟಿನ ಯಂತ್ರಕ್ಕೆ ಭಾರವೇ ಅಲ್ಲ. ಮೂರು ಎಲೆಕ್ಟ್ರಾನ್ ಕಳೆದುಕೊಂಡ ಲಿಥಿಯಂ ಆದರೆ ಯಂತ್ರದ ನಡುವಿನ ಟರ್ಮಿನಲ್‌ನಲ್ಲಿ ಸುಮಾರು 7.5 ಮಿಲಿಯನ್ ವೋಲ್ಟ್ ಇದ್ದರಾಯಿತು: ಒಳಹೋಗುವಾಗ ಅದರ ಒಂದು ಪಟ್ಟು, ಹೊರಬರುವಾಗ ಮೂರು ಪಟ್ಟು, ಒಟ್ಟು ನಾಲ್ಕು ಪಟ್ಟು.

ಡಿಟೆಕ್ಟರ್ ಇಟ್ಟು ಆಲ್ಫಾಗಳನ್ನು ಎಣಿಸಿದಿರಿ ಅನ್ನಿ. ಅವು ಮುಖ್ಯವಾಗಿ ಎರಡು ಕಡೆಯಿಂದ ಬರುತ್ತವೆ. ಒಂದು, ಲಿಥಿಯಂ ಮತ್ತು ನಯೋಬಿಯಂ ಪೂರ್ತಿ ಬೆರೆತು ರುಥೇನಿಯಂ-99 ಆಗಿ, ಬಿಸಿಯಾಗಿ, ಆಲ್ಫಾವನ್ನು ಆವಿಯಂತೆ ಹೊರಹಾಕುವುದು. ಇದು ಫ್ಯೂಷನ್ ಪಾಲು. ಇನ್ನೊಂದು, ನಯೋಬಿಯಂ ಪಕ್ಕದಲ್ಲಿ ಹಾಯುವಾಗ ಲಿಥಿಯಂ ಒಡೆದು ಆಲ್ಫಾ ಹಾಗೇ ಮುಂದೆ ಹೋಗುವುದು. ಇದು ಬ್ರೇಕಪ್ ಪಾಲು. ಡಿಟೆಕ್ಟರ್‌ಗೆ ಇವೆರಡರ ವ್ಯತ್ಯಾಸ ಗೊತ್ತಿಲ್ಲ. ಎರಡನ್ನೂ ಒಂದೇ ಹಿಸ್ಟೋಗ್ರಾಮಿಗೆ ಸುರಿಯುತ್ತದೆ. ಬಿಡಿಸುವ ಕೆಲಸ ನಮ್ಮದು.

ಮೊದಲ ಲೆಕ್ಕ: ಎಷ್ಟು ಬಿಸಿ?

ಲ್ಯಾಬಿನ 30 ಎಂಇವಿಯಲ್ಲಿ ದ್ರವ್ಯರಾಶಿ ಕೇಂದ್ರದ ಪಾಲು, ಅಂದರೆ ಡಿಕ್ಕಿಗೆ ನಿಜವಾಗಿ ಸಿಗುವ ಶಕ್ತಿ, ಎಷ್ಟು? 93ನ್ನು 99ರಿಂದ ಭಾಗಿಸಿ 30ರಿಂದ ಗುಣಿಸಿ. 28.2 ಬರುತ್ತದೆ. ಎರಡೂ ಸೇರಿ ರುಥೇನಿಯಂ-99 ಆಗುವಾಗ 14.5 ಎಂಇವಿ ಹೊರಬರುತ್ತದೆ. ಎರಡನ್ನೂ ಕೂಡಿದರೆ ಉದ್ರೇಕ ಶಕ್ತಿ 42.7 ಎಂಇವಿ.

ಒಳಬರುವ ತಡೆಗೋಡೆಯನ್ನೂ, ಅಂದರೆ ಎರಡು ನ್ಯೂಕ್ಲಿಯಸ್‌ಗಳ ವಿದ್ಯುತ್ ವಿಕರ್ಷಣೆಯನ್ನೂ, ನೋಡಿಕೊಳ್ಳಿ. 1.44ನ್ನು ಎರಡೂ ವಿದ್ಯುದಂಶಗಳಿಂದ, ಅಂದರೆ 3 ಮತ್ತು 41ರಿಂದ ಗುಣಿಸಿ. ಎರಡು ದ್ರವ್ಯರಾಶಿ ಸಂಖ್ಯೆಗಳ ಘನಮೂಲ ಕೂಡಿ 1.5ರಿಂದ ಗುಣಿಸಿದ ಮೊತ್ತದಿಂದ ಭಾಗಿಸಿ. 19 ಎಂಇವಿ ಹತ್ತಿರ ಬರುತ್ತದೆ. ನಮ್ಮ 28.2 ಅದಕ್ಕಿಂತ ಸಾಕಷ್ಟು ಮೇಲಿದೆ. ಫ್ಯೂಷನ್ ಧಾರಾಳವಾಗಿ ಆಗುತ್ತದೆ.

ಎರಡನೆಯದು: ಆವಿಯಾದ ಆಲ್ಫಾ ಎಲ್ಲಿ ನಿಲ್ಲುತ್ತದೆ?

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಇಡೀ ಕೆಲಸದ ತಿರುಳು ಇದೇ.

ಬಿಸಿ ನ್ಯೂಕ್ಲಿಯಸ್ಸಿನಿಂದ ಕಣ ಹೊರಬರುವ ಲೆಕ್ಕವನ್ನು ವೈಸ್‌ಕಾಫ್ 1937ರಲ್ಲಿ ಕೊಟ್ಟರು. 1940ರಲ್ಲಿ ಎವಿಂಗ್ ಜೊತೆ ಸೇರಿ ಅದನ್ನು ಬೆಳೆಸಿದರು. ಕೋನೀಯ ಸಂವೇಗವನ್ನೂ ಸರಿಯಾಗಿ ಸೇರಿಸಿದ್ದು 1952ರ ಹೌಸರ್ ಮತ್ತು ಫೆಶ್‌ಬಾಖ್ ಲೆಕ್ಕ. ಈಗಿನ ದೊಡ್ಡ ಕೋಡ್‌ಗಳೆಲ್ಲ ಇವೆರಡರಲ್ಲಿ ಒಂದರ ಮೇಲೆ ನಿಂತಿವೆ. ನಮ್ಮ ಸ್ಪ್ರೆಡ್‌ಶೀಟಿಗೆ ಮೊದಲನೆಯದು ಸಾಕು.

ಅದು ಹೇಳುವುದು ಇಷ್ಟೇ. ಒಂದು ಶಕ್ತಿಯಲ್ಲಿ ಕಣ ಹೊರಬರುವ ಸಂಭವ ಎರಡು ಅಂಶಗಳ ಗುಣಲಬ್ಧ. ಒಂದು, ಕಣ ತಡೆಗೋಡೆ ದಾಟುವ ಸಾಧ್ಯತೆ. ಸರಳವಾಗಿ ಹೇಳಿದರೆ, ಕಣದ ಶಕ್ತಿಯಲ್ಲಿ ತಡೆಗೋಡೆಯ ಎತ್ತರ ಕಳೆದರೆ ಎಷ್ಟು ಉಳಿಯುತ್ತದೋ ಅಷ್ಟು. ಎರಡು, ಉಳಿದ ನ್ಯೂಕ್ಲಿಯಸ್ಸಿಗೆ ಎಷ್ಟು ಲೆವೆಲ್‌ಗಳು (ಶಕ್ತಿಯ ಮೆಟ್ಟಿಲುಗಳು) ಸಿಗುತ್ತವೆ ಎನ್ನುವುದು. ಉಳಿದ ಶಕ್ತಿಯನ್ನು ಲೆವೆಲ್ ಡೆನ್ಸಿಟಿ ಪ್ಯಾರಾಮೀಟರಿನಿಂದ (ಲೆವೆಲ್‌ಗಳು ಎಷ್ಟು ಒತ್ತಾಗಿವೆ ಎಂಬ ಅಳತೆ) ಗುಣಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ, ಅದರ ಎಕ್ಸ್‌ಪೊನೆನ್ಶಿಯಲ್ ಹಾಕಬೇಕು.

ನಮ್ಮ ಸಂಖ್ಯೆ ಹಾಕೋಣ. ಆಲ್ಫಾ ಹೋದ ಮೇಲೆ ಉಳಿಯುವುದು ಮಾಲಿಬ್ಡಿನಂ-95. ರುಥೇನಿಯಂ-99ರಿಂದ ಆಲ್ಫಾ ಬಿಡಿಸಲು 2.3 ಎಂಇವಿ ಬೇಕು. ತಡೆಗೋಡೆ, ಮೇಲಿನ ಸೂತ್ರದಲ್ಲೇ 2 ಮತ್ತು 42 ಹಾಕಿದರೆ, 13.1. ಲೆವೆಲ್ ಡೆನ್ಸಿಟಿ ಪ್ಯಾರಾಮೀಟರ್ ಅನ್ನು ದ್ರವ್ಯರಾಶಿ ಸಂಖ್ಯೆಯ ಎಂಟನೇ ಒಂದು ಅಂತ ಇಟ್ಟುಕೊಳ್ಳಿ. 95ನ್ನು 8ರಿಂದ ಭಾಗಿಸಿದರೆ 11.9. 42.7ರಲ್ಲಿ 2.3 ಮತ್ತು 13.1 ಕಳೆದು, ಉಳಿದ 27.3ನ್ನು ಇದರಿಂದ ಭಾಗಿಸಿ ವರ್ಗಮೂಲ ತೆಗೆದರೆ ತಾಪಮಾನ ಸುಮಾರು 1.5 ಎಂಇವಿ. ಶಿಖರ ತಡೆಗೋಡೆಗಿಂತ ಒಂದು ತಾಪಮಾನದಷ್ಟು ಮೇಲೆ, ಅಂದರೆ 14.6ರಲ್ಲಿ. ಇದು ಆಲ್ಫಾ ಮತ್ತು ಮಾಲಿಬ್ಡಿನಂ ಇಬ್ಬರೂ ಹಂಚಿಕೊಂಡ ಶಕ್ತಿ. ಆಲ್ಫಾ ಪಾಲು 99ರಲ್ಲಿ 95. ಅಂದರೆ 14 ಎಂಇವಿ.

ತಡೆಗೋಡೆಯನ್ನು ಚೂಪಾಗಿ ಇಡದೆ, ಸುರಂಗ ಕೊರೆಯುವ ಸಾಧ್ಯತೆಯನ್ನೂ ಸೇರಿಸಿದರೆ ಶಿಖರ ಸ್ವಲ್ಪ ಕೆಳಗಿಳಿಯುತ್ತದೆ. ಕೆಳಗಿನ ಬಾಲವೂ ಕಾಣಿಸಿಕೊಳ್ಳುತ್ತದೆ. ಮೊದಲ ಸುತ್ತಿಗೆ 14 ಅಂತಲೇ ಇರಲಿ.

ಈಗ ಸ್ಪ್ರೆಡ್‌ಶೀಟ್ ತೆರೆಯಿರಿ. ಮೊದಲ ಕಾಲಂನಲ್ಲಿ ಶಕ್ತಿ, 13.5ರಿಂದ 35ರವರೆಗೆ ಅರ್ಧ ಅರ್ಧ ಎಂಇವಿ. ಎರಡನೆಯದರಲ್ಲಿ ತಡೆಗೋಡೆ ಕಳೆದ ಶಕ್ತಿ. ಮೂರನೆಯದರಲ್ಲಿ ಉಳಿದ ಶಕ್ತಿ, ಅಂದರೆ 42.7ರಲ್ಲಿ 2.3 ಮತ್ತು ಮೊದಲ ಕಾಲಂ ಕಳೆದದ್ದು. ನಾಲ್ಕನೆಯದರಲ್ಲಿ ವರ್ಗಮೂಲ ಮತ್ತು ಎಕ್ಸ್‌ಪೊನೆನ್ಶಿಯಲ್. ಐದನೆಯದರಲ್ಲಿ ಎರಡನೆಯದು ಮತ್ತು ನಾಲ್ಕನೆಯದರ ಗುಣಲಬ್ಧ. ದೊಡ್ಡ ಸಂಖ್ಯೆ ಬರುತ್ತದೆ ಅಂತ ಗಾಬರಿಯಾಗಬೇಡಿ. ಕೊನೆಗೆ ಎಲ್ಲವನ್ನೂ ಶಿಖರದ ಬೆಲೆಯಿಂದ ಭಾಗಿಸಿದರಾಯಿತು.

ಒಂದು ಸಾಲನ್ನು ಹತ್ತಿರದಿಂದ ನೋಡಿ. ಶಕ್ತಿ 20 ಎಂಇವಿ ಇರುವ ಸಾಲು. ಶಿಖರವನ್ನು 1 ಅಂತ ಇಟ್ಟರೆ ಇಲ್ಲಿ 0.095 ಬರುತ್ತದೆ. ಹತ್ತರಲ್ಲೊಂದು. ಈಗ ಪ್ಯಾರಾಮೀಟರ್ ಬದಲಿಸಿ. ಎಂಟನೇ ಒಂದರ ಬದಲು ಹತ್ತನೇ ಒಂದು, ಅಂದರೆ 9.5 ಹಾಕಿ. ಅದೇ ಎರಡು ಸಾಲುಗಳ ಅನುಪಾತ 0.14ಕ್ಕೆ ಏರುತ್ತದೆ. ಸುಮಾರು ಒಂದೂವರೆ ಪಟ್ಟು. ಎರಡೂ ಪ್ಯಾರಾಮೀಟರ್ ಪುಸ್ತಕಗಳಲ್ಲಿ, ಪೇಪರುಗಳಲ್ಲಿ ಧಾರಾಳವಾಗಿ ಬಳಸುವಂಥವೇ. ಯಾರೂ ತಪ್ಪು ಅನ್ನುವುದಿಲ್ಲ. ಆದರೆ ಈ 20 ಎಂಇವಿ ಸಾಲು ಬ್ರೇಕಪ್ ಗುಡ್ಡ ಕೂರುವ ಜಾಗದಲ್ಲೇ ಇದೆ. ಅಂದರೆ ನೀವು ಯಾವ ಪ್ಯಾರಾಮೀಟರ್ ಆರಿಸುತ್ತೀರಿ ಅನ್ನುವುದರ ಮೇಲೆ ಬ್ರೇಕಪ್ ಪಾಲು ಹಿಗ್ಗುತ್ತದೆ, ಕುಗ್ಗುತ್ತದೆ. ಇದನ್ನು ತಡೆಯುವ ಉಪಾಯ ಮುಂದೆ ಹೇಳುತ್ತೇನೆ.

ಮೂರನೆಯದು: ಲ್ಯಾಬಿಗೆ ತನ್ನಿ

ಈವರೆಗಿನ ಶಕ್ತಿಯೆಲ್ಲ ಓಡುತ್ತಿರುವ ರುಥೇನಿಯಂ ಜೊತೆ ಕೂತು ನೋಡಿದ್ದು. ಡಿಟೆಕ್ಟರ್ ಲ್ಯಾಬಿನಲ್ಲಿದೆ. ರುಥೇನಿಯಂ ವೇಗದಲ್ಲೇ ಓಡುವ ಆಲ್ಫಾಗೆ ಎಷ್ಟು ಶಕ್ತಿ ಇರುತ್ತದೆ? 30ನ್ನು 6ರಿಂದ ಗುಣಿಸಿ 99ರಿಂದ ಭಾಗಿಸಿ. ಮತ್ತೆ 4ರಿಂದ ಗುಣಿಸಿ 99ರಿಂದ ಭಾಗಿಸಿ. 0.0735 ಎಂಇವಿ. ಇಷ್ಟೇನಾ ಅನ್ನಿಸಬಹುದು. ಆದರೆ ಕೂಡುವುದು ಶಕ್ತಿಯನ್ನಲ್ಲ, ವೇಗವನ್ನು. ಹಾಗಾಗಿ ವರ್ಗಮೂಲಗಳ ಲೆಕ್ಕದಲ್ಲಿ ಅದು ದೊಡ್ಡದಾಗಿಯೇ ಕಾಣುತ್ತದೆ.

14 ಎಂಇವಿ ಆಲ್ಫಾ ಲ್ಯಾಬಿನಲ್ಲಿ 60 ಡಿಗ್ರಿಯಲ್ಲಿ 15.0 ಆಗುತ್ತದೆ. 150 ಡಿಗ್ರಿಯಲ್ಲಿ 12.3. ಒಂದೇ ಗುಡ್ಡ, ಕೋನ ಬದಲಾದಂತೆ ಮೂರು ಎಂಇವಿಯಷ್ಟು ಸರಿಯಿತು. ಎತ್ತರವನ್ನೂ ಬದಲಿಸಬೇಕು. ಲ್ಯಾಬ್ ಶಕ್ತಿಯನ್ನು ಕೇಂದ್ರದ ಶಕ್ತಿಯಿಂದ ಭಾಗಿಸಿ ವರ್ಗಮೂಲ ತೆಗೆದು ಗುಣಿಸಿ. ಇದನ್ನು ಮರೆಯುವವರು ಬಹಳ ಜನ. ಮರೆತರೆ ಮುಂದಿನ ಮತ್ತು ಹಿಂದಿನ ಕೋನಗಳು ಯಾವತ್ತೂ ಕೂಡಿಬರುವುದಿಲ್ಲ.

ನಾಲ್ಕನೆಯದು: ಬ್ರೇಕಪ್ ಗುಡ್ಡ

1947ರಲ್ಲಿ ಸರ್ಬರ್ ಈ ವಿಚಾರವನ್ನು ಸರಳ ಮಾಡಿಕೊಟ್ಟರು. ಬರ್ಕ್‌ಲಿಯ 184 ಇಂಚಿನ ಸೈಕ್ಲೋಟ್ರಾನಿನಲ್ಲಿ 190 ಎಂಇವಿ ಡ್ಯೂಟೆರಾನ್‌ಗಳು ಟಾರ್ಗೆಟ್ಟಿಗೆ ಬಡಿದಾಗ ಅರ್ಧದಷ್ಟು ಶಕ್ತಿಯ ನ್ಯೂಟ್ರಾನ್‌ಗಳು ನೇರ ಮುಂದಕ್ಕೆ ಬರುತ್ತಿದ್ದವು. ಪ್ರೋಟಾನ್ ಟಾರ್ಗೆಟ್ಟಿಗೆ ಸಿಕ್ಕಿಬಿತ್ತು, ನ್ಯೂಟ್ರಾನ್ ತನ್ನ ಹಳೇ ವೇಗದಲ್ಲೇ ಮುಂದುವರಿಯಿತು. ಓಡುವ ಬಸ್ಸಿನ ಕಿಟಕಿಯಿಂದ ಜಾರಿದ ಟೊಪ್ಪಿಗೆ ಆ ಕ್ಷಣಕ್ಕೆ ಬಸ್ಸಿನ ವೇಗವೇ ಇರುತ್ತದಲ್ಲ, ಹಾಗೆ.

ನಮ್ಮ ಲಿಥಿಯಂಗೆ ಇದನ್ನು ಹಾಕೋಣ. 60 ಡಿಗ್ರಿಗೆ ಚದುರಿದ ಲಿಥಿಯಂ ನಯೋಬಿಯಂಗೆ ಸ್ವಲ್ಪ ಶಕ್ತಿ ಕೊಟ್ಟು 28.1 ಎಂಇವಿ ಇಟ್ಟುಕೊಳ್ಳುತ್ತದೆ. ಅದರಲ್ಲಿ ಒಡೆಯಲು ಬೇಕಾದ 1.47 ಕಳೆಯಿರಿ. ಉಳಿದ 26.6ರಲ್ಲಿ ಆಲ್ಫಾ ಪಾಲು ಆರರಲ್ಲಿ ನಾಲ್ಕು. ಅಂದರೆ ಸುಮಾರು 17.8. ಡ್ಯೂಟೆರಾನಿನ ಪಾಲು ಸುಮಾರು 8.9.

ಆವಿಯ ಗುಡ್ಡ 15.0ರಲ್ಲಿ, ಬ್ರೇಕಪ್ ಗುಡ್ಡ 17.8ರಲ್ಲಿ. ನಡುವೆ ಮೂರು ಎಂಇವಿಯೂ ಇಲ್ಲ.

ಇಲ್ಲೊಂದು ಪ್ರಶ್ನೆ ಬರಬೇಕು. ಒಡೆಯುವಾಗ ಲಿಥಿಯಂ ನಯೋಬಿಯಂ ಪಕ್ಕದಲ್ಲಿರುತ್ತದೆ. ಅಲ್ಲಿ ವಿದ್ಯುತ್ ವಿಕರ್ಷಣೆಯಿಂದ ಅದರ ವೇಗ ಕಮ್ಮಿಯಾಗಿರುತ್ತದೆ. ಒಡೆದ ಮೇಲೆ ತುಂಡುಗಳು ಮತ್ತೆ ವೇಗ ಪಡೆಯುತ್ತವೆ. ಇದನ್ನು ಲೆಕ್ಕಕ್ಕೆ ಹಿಡಿಯಬೇಡವೇ? ಹಿಡಿಯಬೇಕು. ಆದರೆ ಲಿಥಿಯಂ-6ರಲ್ಲಿ ಒಂದು ಅದೃಷ್ಟ ಇದೆ. ಆಲ್ಫಾದ ವಿದ್ಯುದಂಶ ಮೂರರಲ್ಲಿ ಎರಡು ಪಾಲು. ದ್ರವ್ಯರಾಶಿಯೂ ಮೂರರಲ್ಲಿ ಎರಡು ಪಾಲು. ಕಳೆದುಕೊಂಡಷ್ಟೇ ಮರಳಿ ಬರುತ್ತದೆ. ಗುಡ್ಡ ಸರಿಯುವುದಿಲ್ಲ.

ಬೀಮ್ ಲಿಥಿಯಂ-7 ಆದರೆ ಈ ಅದೃಷ್ಟ ಇಲ್ಲ. ಅಲ್ಲಿ ಆಲ್ಫಾದ ದ್ರವ್ಯರಾಶಿ ಏಳರಲ್ಲಿ ನಾಲ್ಕು, ವಿದ್ಯುದಂಶ ಮೂರರಲ್ಲಿ ಎರಡು. ಒಡೆದ ಜಾಗದಲ್ಲಿ ತಡೆಗೋಡೆ 19 ಎಂಇವಿ ಇದ್ದರೆ ಗುಡ್ಡ 1.8 ಎಂಇವಿ ಮೇಲೆ ಸರಿಯುತ್ತದೆ. ಡ್ಯೂಟೆರಾನ್ ಬೀಮಿನಲ್ಲಿ ಇನ್ನೂ ಜಾಸ್ತಿ. ದ್ರವ್ಯರಾಶಿಯಲ್ಲಿ ಅರ್ಧ ಪಾಲಿನ ಪ್ರೋಟಾನ್ ವಿದ್ಯುದಂಶವನ್ನು ಪೂರ್ತಿ ಹೊತ್ತಿರುತ್ತದೆ. ಒಂದು ಬೀಮಿನ ಸ್ಪ್ರೆಡ್‌ಶೀಟನ್ನು ಇನ್ನೊಂದಕ್ಕೆ ನಕಲು ಮಾಡುವವರು ಇಲ್ಲಿ ಎಡವುತ್ತಾರೆ.

ಅಗಲ ಎಷ್ಟು? ಲಿಥಿಯಂ ಒಳಗೆ ಆಲ್ಫಾ ಸುಮ್ಮನೆ ಕೂತಿರುವುದಿಲ್ಲ. ಡ್ಯೂಟೆರಾನ್ ಸುತ್ತ ಆಡುತ್ತಿರುತ್ತದೆ. ಬಂಧನ ಶಕ್ತಿ 1.47 ಎಂಇವಿ ಅಂದರೆ ಆ ಆಟದ ಸಂವೇಗದ ಅಳತೆ ಸುಮಾರು 60 ಎಂಇವಿ ಭಾಗಿಸು ಬೆಳಕಿನ ವೇಗ. ದೂರದಲ್ಲಿ ತರಂಗ ಫಲನ ಇಳಿಯುವ ರೂಪವನ್ನು ಹಾಕಿದರೆ ಅರ್ಧ ಎತ್ತರದಲ್ಲಿ ಪೂರ್ಣ ಅಗಲ 78 ಬರುತ್ತದೆ. 17.8 ಎಂಇವಿ ಆಲ್ಫಾದ ಸಂವೇಗ 364. ಅದನ್ನು 78ರಿಂದ ಗುಣಿಸಿ ಆಲ್ಫಾ ದ್ರವ್ಯರಾಶಿ 3727ರಿಂದ ಭಾಗಿಸಿ. 7.6 ಎಂಇವಿ. ಇದು ಆರಂಭದ ಅಂದಾಜು. ಫಿಟ್ ಮಾಡುವಾಗ ಇದರ ಆಸುಪಾಸಿನಲ್ಲಿ ಬಿಡಿ. 2ಕ್ಕೋ 15ಕ್ಕೋ ಹೋಯಿತೆಂದರೆ ಎಲ್ಲೋ ಬೇರೆ ಸಮಸ್ಯೆ ಇದೆ.

ಸಂವೇಗ 90ರ ಅಳತೆ ಹಾಕುವ 1974ರ ಗೋಲ್ಡ್‌ಹಾಬರ್ ಸೂತ್ರ ಕೆಲವು ಟಿಪ್ಪಣಿಗಳಲ್ಲಿ ಸಿಗುತ್ತದೆ. ಅದು ನ್ಯೂಕ್ಲಿಯಾನಿಗೆ ನೂರಾರು ಎಂಇವಿ ಇರುವ ಭಾರಿ ಶಕ್ತಿಯ ಒಡೆತಕ್ಕೆ ಹುಟ್ಟಿದ್ದು. ನಮ್ಮದು ನ್ಯೂಕ್ಲಿಯಾನಿಗೆ 5. ಇಲ್ಲಿಗೆ ತರಬೇಡಿ.

ಅನುರಣನದ ಎರಡು ಕೊಂಬು

ಇದು ಬೋನಸ್ ಅಲ್ಲ. ಇದನ್ನು ಬಿಟ್ಟರೆ ಫಿಟ್ ಕೆಡುತ್ತದೆ.

ಲಿಥಿಯಂ-6 ಕೆಲವೊಮ್ಮೆ ನೇರ ಒಡೆಯುವುದಿಲ್ಲ. ಮೊದಲು 2.186 ಎಂಇವಿ ಲೆವೆಲ್ಲಿಗೆ (ಅನುರಣನ ಅನ್ನುವುದು ಇದನ್ನೇ) ಏರುತ್ತದೆ, ಮುಂದೆ ಹೋದ ಮೇಲೆ ಒಡೆಯುತ್ತದೆ. ಆಗ ತುಂಡುಗಳ ನಡುವೆ ಉಳಿಯುವ ಶಕ್ತಿ 2.186ರಲ್ಲಿ 1.474 ಕಳೆದದ್ದು, ಅಂದರೆ 0.71 ಎಂಇವಿ. ಯಾವಾಗಲೂ ಅಷ್ಟೇ. ಇದರಲ್ಲಿ ಆಲ್ಫಾಗೆ ಮೂರನೇ ಒಂದು, 0.24. ಹಗುರ ಡ್ಯೂಟೆರಾನಿಗೆ ಉಳಿದದ್ದು.

60 ಡಿಗ್ರಿಯಲ್ಲಿ ಈ ಲಿಥಿಯಂ ಶಕ್ತಿ 25.9. ಅದರ ವೇಗದ ಆಲ್ಫಾಗೆ 17.3 ಎಂಇವಿ. ಆಲ್ಫಾ ಮುಂದಕ್ಕೆ ಚಿಮ್ಮಿದರೆ ವೇಗ ಕೂಡುತ್ತದೆ, ಹಿಂದಕ್ಕಾದರೆ ಕಳೆಯುತ್ತದೆ. ವರ್ಗಮೂಲ ಕೂಡಿ ಕಳೆದು ವರ್ಗ ಮಾಡಿ. ಒಂದು ಕಡೆ 21.6, ಇನ್ನೊಂದು ಕಡೆ 13.5.

ನೋಡಿದಿರಾ? ಬರೀ 0.24 ಎಂಇವಿ ಲ್ಯಾಬಿಗೆ ಬರುವಷ್ಟರಲ್ಲಿ ಎಂಟು ಎಂಇವಿ ಅಂತರವಾಯಿತು. ಕೆಳಗಿನ ಕೊಂಬು 13.5ರಲ್ಲಿ, ಆವಿಯ ಗುಡ್ಡದ ಮಗ್ಗುಲಲ್ಲೇ ಕೂರುತ್ತದೆ. "ಕಮ್ಮಿ ಶಕ್ತಿಯ ಆಲ್ಫಾ ಎಲ್ಲ ಫ್ಯೂಷನ್, ಜಾಸ್ತಿ ಶಕ್ತಿಯದೆಲ್ಲ ಬ್ರೇಕಪ್" ಅಂತ 16 ಎಂಇವಿಯಲ್ಲಿ ಗೆರೆ ಹಾಕಿ ಎರಡು ಭಾಗ ಮಾಡುವವರಿದ್ದಾರೆ. ಅವರಿಗೆ ಈ 13.5 ತೋರಿಸಿ.

ಈ ಆಲ್ಫಾಗಳು ಲಿಥಿಯಂ ದಿಕ್ಕಿನಿಂದ ಸುಮಾರು 7 ಡಿಗ್ರಿಯೊಳಗೇ ಇರುತ್ತವೆ. ಡ್ಯೂಟೆರಾನ್ ಸುಮಾರು 14 ಡಿಗ್ರಿಯವರೆಗೆ ಹರಡುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯುವ ಆಸೆ ಇದ್ದರೆ ಡಿಟೆಕ್ಟರ್‌ಗಳನ್ನು ಇಷ್ಟು ಹತ್ತಿರ ಇಡಬೇಕು.

ಹಿಂದಿನ ಕೋನದಿಂದ ಶುರು ಮಾಡಿ

ಮೇಲೆ ಹೇಳಿದ ಉಪಾಯ ಇದು. ಬಿಸಿ ನ್ಯೂಕ್ಲಿಯಸ್ಸಿಗೆ ತಾನು ಯಾವ ದಿಕ್ಕಿನಿಂದ ಬಂದೆ ಎನ್ನುವುದು ಮರೆತುಹೋಗಿರುತ್ತದೆ. ಅದರ ಆಲ್ಫಾಗಳು ಕೇಂದ್ರದ ಚೌಕಟ್ಟಿನಲ್ಲಿ 90 ಡಿಗ್ರಿಯ ಎರಡೂ ಕಡೆ ಸಮಾನ. ಬ್ರೇಕಪ್ ಹಾಗಲ್ಲ. ಅದು ಮುಂದಿನ ಅರ್ಧದಲ್ಲೇ ಜಾಸ್ತಿ. ನಮ್ಮ ಜೋಡಿಯಲ್ಲಿ ಬೀಮ್ ಟಾರ್ಗೆಟ್ಟನ್ನು ಸವರಿಕೊಂಡು ಹೋಗುವ ಕೋನ 60 ಡಿಗ್ರಿ ಹತ್ತಿರ. 150 ಡಿಗ್ರಿಯಲ್ಲಿ ಸಿಗುವ ಆಲ್ಫಾ ಬಹುಪಾಲು ಆವಿಯದೇ.

ಹಾಗಾಗಿ ಮೊದಲು 150 ಡಿಗ್ರಿ ಡೇಟಾ ಮಾತ್ರ ತೆಗೆದುಕೊಳ್ಳಿ. ಅಲ್ಲಿ ಲೆವೆಲ್ ಡೆನ್ಸಿಟಿ ಪ್ಯಾರಾಮೀಟರ್, ತಡೆಗೋಡೆ, ಒಟ್ಟು ಎತ್ತರ ಮೂರನ್ನೂ ಹೊಂದಿಸಿ. ಹೊಂದಿತಾ? ಈಗ ಅವುಗಳಿಗೆ ಬೀಗ ಹಾಕಿ. ಮತ್ತೆ ಮುಟ್ಟುವ ಹಾಗಿಲ್ಲ. ಅದೇ ಬೆಲೆಗಳಿಂದ 60 ಡಿಗ್ರಿಯಲ್ಲಿ ಆವಿಯ ಗುಡ್ಡ ಎಷ್ಟಿರಬೇಕು ಅಂತ ಲೆಕ್ಕ ಹಾಕಿ. ಅಳೆದ ಸ್ಪೆಕ್ಟ್ರಮ್‌ನಿಂದ ಕಳೆಯಿರಿ. ಉಳಿದದ್ದಕ್ಕೆ ಬ್ರೇಕಪ್ ಗುಡ್ಡ ಮತ್ತು ಎರಡು ಕೊಂಬು ಹಾಕಿ, ಎತ್ತರಗಳನ್ನು ಮಾತ್ರ ಸಡಿಲ ಬಿಡಿ.

ಎಲ್ಲಾ ಕೋನ, ಎಲ್ಲಾ ಪ್ಯಾರಾಮೀಟರ್ ಒಟ್ಟಿಗೆ ಹಾಕಿ ಫಿಟ್ ಒತ್ತಿದರೆ ಇನ್ನೂ ಒಳ್ಳೆ ಕೈ-ವರ್ಗ (ಫಿಟ್ ಎಷ್ಟು ಹೊಂದಿದೆ ಎಂಬ ಅಳತೆ, chi-square) ಬರಬಹುದು. ಬರಲಿ. ಆ ಉತ್ತರದಲ್ಲಿ ಲೆವೆಲ್ ಡೆನ್ಸಿಟಿ ಬ್ರೇಕಪ್‌ನ ಹೊಟ್ಟೆಯನ್ನೂ ತುಂಬುತ್ತಿರುತ್ತದೆ. ಚೆಂದದ ಫಿಟ್‌ಗಿಂತ ಅರ್ಥ ಹೇಳುವ ಫಿಟ್ ನನಗೆ ಮೇಲು.

ಹಿಂದಿನ ಕೋನದಲ್ಲಿ ಒಂದು ಎಚ್ಚರ. ಅಲ್ಲಿ ಶಕ್ತಿ ಕಮ್ಮಿ. ತೆಳು ಸಿಲಿಕಾನ್ ಡಿಟೆಕ್ಟರ್ 25 ಮೈಕ್ರಾನ್ ಇದ್ದರೆ ಸುಮಾರು 5 ಎಂಇವಿಗಿಂತ ಕೆಳಗಿನ ಆಲ್ಫಾ ಅದರಲ್ಲೇ ನಿಂತುಬಿಡುತ್ತದೆ, ಗುರುತು ಸಿಗುವುದಿಲ್ಲ. 50 ಮೈಕ್ರಾನ್ ಆದರೆ ಈ ಮಿತಿ ಇನ್ನೂ ಮೇಲೇರುತ್ತದೆ. ನಮ್ಮ ಗುಡ್ಡ 12ರಲ್ಲಿದೆ, ಹಾಗಾಗಿ ಬಚಾವು. ಹಗುರ ಟಾರ್ಗೆಟ್ ಆದರೆ ಗುಡ್ಡದ ಅರ್ಧವೇ ಕಾಣೆಯಾಗಬಹುದು.

ಈಗ ಕೋಡ್

ಪೇಸ್-4 ಸುಲಭ. ಲೈಸ್ ಪ್ಲಸ್ ಪ್ಲಸ್ ಎಂಬ ಪ್ಯಾಕೇಜಿನ ಜೊತೆಗೇ ಬರುತ್ತದೆ, ವಿಂಡೋಸ್‌ನಲ್ಲಿ ಓಡುತ್ತದೆ. ಆವಿ ಲೆಕ್ಕವನ್ನು ಮಾಂಟೆ ಕಾರ್ಲೊ ರೀತಿಯಲ್ಲಿ, ಅಂದರೆ ಯಾದೃಚ್ಛಿಕ ಸಂಖ್ಯೆ ಬಳಸಿ, ಮಾಡುತ್ತದೆ. ನಮ್ಮ ಸ್ಪ್ರೆಡ್‌ಶೀಟ್ ಮಾಡದ ಒಂದು ಮುಖ್ಯ ಕೆಲಸ ಅದು ಮಾಡುತ್ತದೆ. 42.7 ಎಂಇವಿ ಇರುವ ನ್ಯೂಕ್ಲಿಯಸ್ ಒಂದೇ ಕಣ ಬಿಟ್ಟು ಸುಮ್ಮನಾಗುವುದಿಲ್ಲ. ಒಂದು ನ್ಯೂಟ್ರಾನ್ ಹೋಗಿ, ನ್ಯೂಕ್ಲಿಯಸ್ ತಣ್ಣಗಾಗಿ, ಆಮೇಲೆ ಆಲ್ಫಾ ಬರಬಹುದು. ಆ ಆಲ್ಫಾಗಳ ಇಳಿಜಾರು ಕಡಿದಾಗಿರುತ್ತದೆ. ಪೇಸ್ ಎಲ್ಲ ಹಂತಗಳನ್ನೂ ಕೂಡುತ್ತದೆ. ಅದರ ಶಿಖರ ನಿಮ್ಮ ಕೈಲೆಕ್ಕದಿಂದ ಒಂದೆರಡು ಎಂಇವಿ ಆಚೀಚೆ ಆದರೆ ಸರಿ. ಐದು ಎಂಇವಿ ದೂರ ಹೋದರೆ ಇನ್‌ಪುಟ್ ತೆರೆದು ನೋಡಿ. ಬೀಮ್ ಶಕ್ತಿಯನ್ನು ಲ್ಯಾಬಿನಲ್ಲಿ ಕೊಟ್ಟಿರೋ ಕೇಂದ್ರದಲ್ಲಿ ಕೊಟ್ಟಿರೋ, ಮೊದಲು ಅದನ್ನು ಪರೀಕ್ಷಿಸಿ.

ಟ್ಯಾಲಿಸ್ ಬಹಳ ಹೆಸರುವಾಸಿ ಕೋಡ್, ಕೈಪಿಡಿಯೂ ಚೆನ್ನಾಗಿದೆ. ಆದರೆ ಅದರ ಬೀಮ್ ಪಟ್ಟಿ ನ್ಯೂಟ್ರಾನ್‌ನಿಂದ ಆಲ್ಫಾವರೆಗೆ, ಜೊತೆಗೆ ಗಾಮಾ. ಲಿಥಿಯಂ ಇಲ್ಲ. ಡ್ಯೂಟೆರಾನ್ ಬೀಮಿನ ಪ್ರಾಜೆಕ್ಟ್ ಆದರೆ ಕಣ್ಣುಮುಚ್ಚಿ ಟ್ಯಾಲಿಸ್ ಹಿಡಿಯಿರಿ. ನಮ್ಮ ಉದಾಹರಣೆಗೆ ಅಲ್ಲ.

ಬ್ರೇಕಪ್ ಕಡೆ ಫ್ರೆಸ್ಕೊ ಎಂಬ ಕೋಡ್ ಇದೆ. 1974ರಲ್ಲಿ ರಾವಿಚರ್ ಡ್ಯೂಟೆರಾನ್‌ಗೆ ಶುರು ಮಾಡಿದ ವಿಧಾನವೇ ಅದರ ಬೆನ್ನೆಲುಬು. ಒಡೆದ ಸ್ಥಿತಿಗಳನ್ನು ಚಿಕ್ಕ ಚಿಕ್ಕ ಡಬ್ಬಿಗಳಾಗಿ ವಿಂಗಡಿಸಿ ಎಲ್ಲವನ್ನೂ ಒಂದಕ್ಕೊಂದು ಜೋಡಿಸುತ್ತದೆ. ಫಲಿತಾಂಶ ಚೆನ್ನ, ಕಲಿಯುವುದು ಕಷ್ಟ. ಎಂಎಸ್ಸಿ ಪ್ರಾಜೆಕ್ಟಿಗೆ ನನ್ನ ಸಲಹೆ ಸರ್ಬರ್ ಸಾಕು ಅಂತ. ಪಿಎಚ್‌ಡಿ ಆದರೆ ಫ್ರೆಸ್ಕೊ ತಪ್ಪಿಸಿಕೊಳ್ಳಲಾಗದು.

ಕೋಡ್ ಕೊಟ್ಟ ಗೆರೆಯನ್ನು ನೇರ ಡೇಟಾ ಮೇಲೆ ಹಾಕಬೇಡಿ. ಟಾರ್ಗೆಟ್ ಒಳಗೆ ಬೀಮ್ ಶಕ್ತಿ ಕೆಲವು ನೂರು ಕಿಲೋ ಎಲೆಕ್ಟ್ರಾನ್ ವೋಲ್ಟ್ ಇಳಿದಿರುತ್ತದೆ. ಹೊರಬರುವ ಆಲ್ಫಾ ಕೂಡ ಸ್ವಲ್ಪ ಕಳೆದುಕೊಳ್ಳುತ್ತದೆ. ಶ್ರಿಮ್ ಎಂಬ ಪುಕ್ಕಟೆ ಪ್ರೋಗ್ರಾಂ ಇದನ್ನು ಕೊಡುತ್ತದೆ. ಬೀಮ್ ಶಕ್ತಿಯನ್ನು ಟಾರ್ಗೆಟ್ಟಿನ ನಡುಮಧ್ಯದ ಬೆಲೆಗೆ ಇಳಿಸಿ, ಆಮೇಲೆ ಕೋಡ್ ಓಡಿಸಿ. ಡಿಟೆಕ್ಟರಿನ ಮಸುಕನ್ನೂ ಸೇರಿಸಿ.

ಎಣಿಕೆ ಎಷ್ಟು ಸಿಗುತ್ತದೆ?

ಬೀಮ್ ಟೈಮ್ ಕೇಳಿ ಅರ್ಜಿ ಹಾಕುವವರಿಗೆ ಈ ಲೆಕ್ಕ. ನಯೋಬಿಯಂ ಹಾಳೆ ಚದರ ಸೆಂಟಿಮೀಟರಿಗೆ 1 ಮಿಲಿಗ್ರಾಂ. ಬೀಮ್ 1 ನ್ಯಾನೊ ಆಂಪಿಯರ್. ಮೂರು ವಿದ್ಯುದಂಶದ ಲಿಥಿಯಂ ಅಂದರೆ ಸೆಕೆಂಡಿಗೆ ಸುಮಾರು 208 ಕೋಟಿ ಕಣ. ಡಿಟೆಕ್ಟರ್ ಮುಂದೆ 5 ಮಿಲಿಮೀಟರ್ ವ್ಯಾಸದ ತೂತು, ಟಾರ್ಗೆಟ್ಟಿನಿಂದ 15 ಸೆಂಟಿಮೀಟರ್ ದೂರ. ಅಡ್ಡಛೇದ (ಕ್ರಿಯೆ ನಡೆಯುವ ಸಂಭವದ ಅಳತೆ) ಸ್ಟೆರೇಡಿಯನ್ನಿಗೆ, ಎಂಇವಿಗೆ 1 ಮಿಲಿಬಾರ್ನ್ ಇದ್ದರೆ ಗಂಟೆಗೆ ಒಂದು ಎಂಇವಿ ಡಬ್ಬಿಯಲ್ಲಿ 42 ಎಣಿಕೆ. ತಪ್ಪಿನ ಮಿತಿ 15 ಶೇಕಡಾ. ಹಿಂದಿನ ಕೋನದಲ್ಲಿ ಗುಡ್ಡದ ಬಾಲ ಇದಕ್ಕಿಂತ ಹತ್ತು ಪಟ್ಟು ಕಮ್ಮಿ ಇರಬಹುದು. ಅಲ್ಲೇ ನಮ್ಮ ಪ್ಯಾರಾಮೀಟರಿಗೆ ಬೀಗ ಬೀಳಬೇಕು. ಹಾಗಾಗಿ ಹಿಂದಿನ ಡಿಟೆಕ್ಟರ್‌ಗೆ ದೊಡ್ಡ ತೂತು ಕೊಡಿ, ಇಲ್ಲವೇ ಹೆಚ್ಚು ಗಂಟೆ ಕೇಳಿ. ಮುಂದಿನ ಕೋನಕ್ಕೇ ಎಲ್ಲ ಸಮಯ ಕೊಟ್ಟು ಹಿಂದಿನದನ್ನು ಹೆಸರಿಗೆ ಅಳೆಯುವುದು ಬೇಡ.

ಶಕ್ತಿಯ ಮಾಪನಕ್ಕೆ ಅಮೆರಿಸಿಯಂ-241ರ 5.486 ಎಂಇವಿ ಆಲ್ಫಾ ಎಲ್ಲರೂ ಬಳಸುತ್ತಾರೆ. ಅದೊಂದನ್ನೇ ನಂಬಿ 20 ಎಂಇವಿವರೆಗೆ ಗೆರೆ ಎಳೆಯಬೇಡಿ. ಚದುರಿದ ಲಿಥಿಯಂ ಶಿಖರವನ್ನು ಮೇಲಿನ ಬಿಂದುವಾಗಿ ಸೇರಿಸಿ. 60 ಡಿಗ್ರಿಯಲ್ಲಿ ಅದು 28.1ರಲ್ಲಿ ಇರಬೇಕು ಅಂತ ಈಗಾಗಲೇ ಗೊತ್ತಲ್ಲ. ಟಾರ್ಗೆಟ್ಟಿನ ನಷ್ಟ ಮಾತ್ರ ಕಳೆದುಕೊಳ್ಳಿ.

ಉಳಿದುಹೋಗುವ ಆಲ್ಫಾಗಳು

ಎಲ್ಲ ಕಳೆದ ಮೇಲೆ ಬ್ರೇಕಪ್ ಗುಡ್ಡ ಫ್ರೆಸ್ಕೊ ಹೇಳಿದ್ದಕ್ಕಿಂತ ಬಹಳ ದೊಡ್ಡದಾಗಿ ಕಂಡರೆ ಆಶ್ಚರ್ಯ ಪಡಬೇಡಿ. ಈ ಸಡಿಲ ಬೀಮ್‌ಗಳಲ್ಲಿ ಹಾಗೆ ಆಗುವುದೇ ವಾಡಿಕೆ. ಲಿಥಿಯಂ ಒಡೆದ ಮೇಲೆ ಡ್ಯೂಟೆರಾನ್ ಅನ್ನು ನಯೋಬಿಯಂ ನುಂಗಿಬಿಡುತ್ತದೆ. ಆಗ ಮಾಲಿಬ್ಡಿನಂ-95 ಸುಮಾರು 22 ಎಂಇವಿ ಉದ್ರೇಕದಲ್ಲಿ ಹುಟ್ಟುತ್ತದೆ, ನ್ಯೂಟ್ರಾನ್ ಬಿಟ್ಟು ತಣ್ಣಗಾಗುತ್ತದೆ. ಆಲ್ಫಾ ಮಾತ್ರ ಅದೇ ಹಳೇ ವೇಗದಲ್ಲಿ ಬರುತ್ತದೆ. ಇದನ್ನು ಅಪೂರ್ಣ ಫ್ಯೂಷನ್ ಅನ್ನುತ್ತಾರೆ. ಲಿಥಿಯಂ ಒಂದು ನ್ಯೂಟ್ರಾನ್ ಕೊಟ್ಟು ಲಿಥಿಯಂ-5 ಆದರೂ ಅದು ಒಡೆದು ಆಲ್ಫಾ ಕೊಡುತ್ತದೆ. ಡ್ಯೂಟೆರಾನ್ ಎತ್ತಿಕೊಂಡು ಬೆರಿಲಿಯಂ-8 ಆದರೆ ಎರಡು ಆಲ್ಫಾ. ಇವೆಲ್ಲ ಹೆಚ್ಚುಕಮ್ಮಿ ಅದೇ ಗುಡ್ಡದಲ್ಲಿ ಸೇರಿಕೊಳ್ಳುತ್ತವೆ. ಒಂಟಿ ಆಲ್ಫಾ ಸ್ಪೆಕ್ಟ್ರಮ್ ನೋಡಿ ಇವನ್ನು ಬೇರೆ ಮಾಡಲಾಗದು. ಲೆಕ್ಕದ ಕಡೆಯಿಂದ ಇಚಿಮುರ, ಆಸ್ಟರ್ನ್, ವಿನ್ಸೆಂಟ್ 1985ರಲ್ಲಿ ಕೊಟ್ಟ ಸೂತ್ರ ನುಂಗಿದ ಪಾಲಿನ ಅಂದಾಜು ಕೊಡುತ್ತದೆ. ನಿಮ್ಮ ವರದಿಯಲ್ಲಿ ಗುಡ್ಡಕ್ಕೆ ಬರೀ "ಬ್ರೇಕಪ್" ಅಂತ ಹೆಸರಿಡಬೇಡಿ. "ಬೀಮ್ ವೇಗದ ಆಲ್ಫಾ" ಅನ್ನಿ. ವೈವಾದಲ್ಲಿ ಯಾರೂ ಹಿಡಿಯುವುದಿಲ್ಲ.

ಟಾರ್ಗೆಟ್ ಮೇಲೆ ಕುಳಿತ ಕಾರ್ಬನ್ ಕೂಡ ಆಲ್ಫಾ ಕೊಡುತ್ತದೆ. ಅಲ್ಲಿ ಕೂಡಿದ ನ್ಯೂಕ್ಲಿಯಸ್ ಹಗುರ, ಓಟ ಜೋರು. ಹಾಗಾಗಿ ಅದರ ಆಲ್ಫಾ ಶಕ್ತಿ ಕೋನದ ಜೊತೆ ಬಹಳ ಬೇಗ ಬದಲಾಗುತ್ತದೆ. ನಯೋಬಿಯಂ ಲೆಕ್ಕಕ್ಕೆ ಬಗ್ಗದೆ ಓಡಾಡುವ ಗುಡ್ಡ ಕಂಡರೆ ಮೊದಲ ಅನುಮಾನ ಕಾರ್ಬನ್ ಮೇಲಿರಲಿ. ಬರೀ ಕಾರ್ಬನ್ ಹಾಳೆ ಇಟ್ಟು ಒಮ್ಮೆ ಅಳೆದು ಕಳೆದುಬಿಡಿ.

ನಿಜವಾದ ಬ್ರೇಕಪ್ ಎಷ್ಟು ಅಂತ ತಿಳಿಯಲೇಬೇಕಾದರೆ ಆಲ್ಫಾ ಮತ್ತು ಡ್ಯೂಟೆರಾನ್ ಎರಡನ್ನೂ ಒಂದೇ ಕ್ಷಣದಲ್ಲಿ ಹಿಡಿದ ಡೇಟಾ ಬೇಕು. ಎಕ್ಸ್‌ಫೋರ್‌ನಲ್ಲಿ ಅಂಥದ್ದು ಹುಡುಕುವಾಗ ಎರಡರ ಶಕ್ತಿ ಕೂಡಿ ನೋಡಿ. 60 ಡಿಗ್ರಿ ಆಸುಪಾಸಿನಲ್ಲಿ, ನಯೋಬಿಯಂ ತಣ್ಣಗೇ ಉಳಿದಿದ್ದರೆ, ಮೊತ್ತ 26.6 ಎಂಇವಿಯಲ್ಲಿ ಒಂದು ಕಿರಿದಾದ ಗೆರೆಯಾಗಿ ನಿಲ್ಲುತ್ತದೆ. ಆಲ್ಫಾ 13.5 ಇರಲಿ, 21.6 ಇರಲಿ, ಜೊತೆಯ ಡ್ಯೂಟೆರಾನ್ ಲೆಕ್ಕ ಸರಿದೂಗಿಸುತ್ತದೆ. ಮೊತ್ತ 26.6ಕ್ಕಿಂತ ಕೆಳಗೆ ಇದ್ದರೆ ಕಮ್ಮಿಯಾದಷ್ಟು ಶಕ್ತಿ ನಯೋಬಿಯಂಗೆ ಹೋಗಿದೆ. ಮೊತ್ತದಲ್ಲಿ ಗೆರೆಯೇ ಇಲ್ಲದೆ ಬರೀ ಹರಡಿದ್ದರೆ ಆ ಎರಡು ಕಣಗಳು ಒಂದೇ ಲಿಥಿಯಂನಿಂದ ಬಂದವು ಅಂತ ಹೇಳಲಾಗದು.